ನ್ಯಾಕ್ ಪೀರ್ ಟೀಮಿಗೆ ಮೊದಲ ಸಲ ಹೋಗ್ತಿದೀರಾ? ಹೊರಡೋ ಮುಂಚೆ ಇದನ್ನೊಂದ್ಸಲ ಓದ್ಕೊಳ್ಳಿ

ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ನ್ಯಾಕ್‌ನಿಂದ ಮೇಲ್ ಬಂದಿದೆ, ಇಂಥ ರಾಜ್ಯದ ಇಂಥ ಕಾಲೇಜಿಗೆ ಪೀರ್ ಟೀಮ್ ಮೆಂಬರ್ ಆಗಿ ಹೋಗ್ತೀರಾ ಅಂತ ಕೇಳಿದಾರೆ, ಏನ್ ತಯಾರಿ ಮಾಡ್ಕೋಬೇಕು ಸರ್ ಅಂತ ಈಚೆಗೆ ಇಬ್ಬರು ಮೂವರು ಪ್ರೊಫೆಸರ್‌ಗಳು ನನ್ನ ಕೇಳಿದ್ರು. ಅವರಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ. ನಾನು ಕೆಲವು ವರ್ಷ ನಮ್ಮ ಕಾಲೇಜಿನ ಐಕ್ಯೂಎಸಿ (ಒಳಗಿನ ಗುಣಮಟ್ಟ ನೋಡ್ಕೊಳ್ಳೋ ಘಟಕ) ಕೋಆರ್ಡಿನೇಟರ್ ಆಗಿದ್ದೆ, ಅಂದ್ರೆ ಫೈಲ್ ಜೋಡಿಸಿಟ್ಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟು ಟೀಮ್ ದಾರಿ ಕಾಯೋರ ಸಾಲಲ್ಲಿದ್ದೆ, ಆಮೇಲೆ ಅಸೆಸರ್ ಆಗಿ ಹೊರ ರಾಜ್ಯದ ಕಾಲೇಜುಗಳಿಗೆ ಹೋಗಿ ಬಂದಿದೀನಿ, ಹಾಗಾಗಿ ಎರಡೂ ಕಡೆ ಕೂತೋರಿಗೆ ಏನಾಗತ್ತೆ ಅಂತ ಗೊತ್ತು.

ಮೊದಲು ಆ ಪೀರ್ ಅನ್ನೋ ಮಾತನ್ನ ಸರಿಯಾಗಿ ತಲೇಲಿ ಇಟ್ಕೊಳ್ಳಿ. 1994ರಲ್ಲಿ ಯುಜಿಸಿ ಅಡಿಯಲ್ಲಿ ನ್ಯಾಕ್ ಶುರುವಾದಾಗಿಂದ, ಅದರ ಆಫೀಸು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ, ಪಾಠ ಮಾಡೋರ ಕೆಲಸವನ್ನ ಪಾಠ ಮಾಡೋರೇ ಹೋಗಿ ನೋಡ್ಬೇಕು ಅನ್ನೋದರ ಮೇಲೆ ಪೀರ್ ಟೀಮ್ ನಿಂತಿದೆ. ನೀವು ಇನ್ಸ್‌ಪೆಕ್ಷನ್‌ಗೆ ಹೋಗ್ತಿಲ್ಲ. ಆದ್ರೆ ಕಾಲೇಜಿನವರು ನಿಮ್ಮನ್ನ ಹಾಗೇ ನೋಡ್ತಾರೆ, ಕಾರಿಂದ ಇಳಿದ ಕೂಡ್ಲೆ ಪ್ರಿನ್ಸಿಪಾಲ್ರ ಮುಖ ನೋಡಿದ್ರೆ ಗೊತ್ತಾಗತ್ತೆ. ಆ ಹೆದರಿಕೆ ಮೊದಲ ಅರ್ಧ ಗಂಟೇಲಿ ಇಳಿದ್ರೆ ಮಾತ್ರ ನಿಮಗೆ ನಿಜ ಸಿಗತ್ತೆ, ಇಲ್ಲ ಅಂದ್ರೆ ಎರಡು ದಿನವೂ ಪವರ್ ಪಾಯಿಂಟೇ ನೋಡ್ಕೊಂಡು ಬರ್ತೀರ.

ಒಪ್ಪಿಗೆ ಕೊಡೋ ಮುಂಚೆ

ಟೀಮಿಗೆ ಹೊರ ರಾಜ್ಯದವರನ್ನೇ ಹಾಕ್ತಾರೆ, ಹಂಗಂತ ಸಂಬಂಧವೇ ಇರಲ್ಲ ಅಂತ ಅಲ್ಲ. ಆ ಕಾಲೇಜಲ್ಲಿ ನಿಮ್ಮ ಹತ್ರ ಪಿಎಚ್‌ಡಿ ಮಾಡಿದೋರು ಇದಾರಾ, ಹಿಂದೆ ಯಾವಾಗಾದ್ರೂ ಅಲ್ಲಿ ನ್ಯಾಕ್ ವರ್ಕ್‌ಶಾಪಿಗೆ ರಿಸೋರ್ಸ್ ಪರ್ಸನ್ ಆಗಿ ಹೋಗಿದ್ರಾ, ಅವರ ಎಸ್‌ಎಸ್‌ಆರ್ (ಕಾಲೇಜು ತನ್ನ ಬಗ್ಗೆ ತಾನೇ ಬರೆದು ನ್ಯಾಕ್‌ಗೆ ಕೊಡೋ ವರದಿ) ಡ್ರಾಫ್ಟ್ ನೋಡಿ ಸಲಹೆ ಕೊಟ್ಟಿದ್ರಾ, ಆ ಮ್ಯಾನೇಜ್‌ಮೆಂಟಿನ ಇನ್ನೊಂದು ಸಂಸ್ಥೇಲಿ ನಿಮ್ಮ ಮಗಳೋ ಅಳಿಯನೋ ಕೆಲಸದಲ್ಲಿದಾರಾ, ಇದನ್ನೆಲ್ಲ ಕೂತು ಯೋಚಿಸಿ. ಹಿತಾಸಕ್ತಿ ಇಲ್ಲ ಅಂತ ಡಿಕ್ಲರೇಷನ್‌ಗೆ ಸಹಿ ಹಾಕಿಸ್ಕೋತಾರೆ, ಅದನ್ನ ಓದದೆ ಸಹಿ ಹಾಕ್ಬೇಡಿ. ಒಂದು ಸಣ್ಣ ಅನುಮಾನ ಇದ್ರೂ ಬರಲ್ಲ ಅಂತ ಬರೆದುಬಿಡಿ, ಯಾರೂ ತಪ್ಪು ತಿಳ್ಕೊಳಲ್ಲ.

ಎಸ್‌ಎಸ್‌ಆರ್ ಓದೋದು ಹೇಗೆ

ಇಲ್ಲೇ ಬಹಳ ಜನ ಎಡವೋದು. ವಿಮಾನದಲ್ಲಿ ಓದ್ಕೊಂಡ್ರಾಯ್ತು ಅಂತ ಹೊರಡ್ತಾರೆ. ಒಂದು ವಾರವಾದ್ರೂ ಬೇಕು, ದಿನಕ್ಕೆ ಎರಡು ಗಂಟೆ.

2017ರ ಪದ್ಧತಿ ಬಂದ ಮೇಲೆ ಸುಮಾರು 70 ಪರ್ಸೆಂಟ್ ತೂಕ ಅಂಕಿ ಅಂಶದ ಮೆಟ್ರಿಕ್‌ಗಳಿಗೆ, ಅಂದ್ರೆ ಎಣಿಸಿ ಅಳೆಯೋ ಅಂಶಗಳಿಗೆ, ಹೋಯ್ತು. ಎಷ್ಟು ಜನ ಪಿಎಚ್‌ಡಿ ಆಗಿದಾರೆ, ಎಷ್ಟು ಮಕ್ಕಳು ಪಾಸಾದ್ರು, ಎಷ್ಟು ಸ್ಕಾಲರ್‌ಶಿಪ್ ಬಂತು ಅನ್ನೋದನ್ನೆಲ್ಲ ಡಿವಿವಿ ಅಂತ ಮೊದಲೇ ದಾಖಲೆ ತಾಳೆ ನೋಡಿ ಮುಗಿಸಿರ್ತಾರೆ, ಸಿಸ್ಟಮ್ಮೇ ಅಂಕ ಹಾಕತ್ತೆ. ವಿದ್ಯಾರ್ಥಿಗಳ ಸಮೀಕ್ಷೆನೂ ಮೇಲ್ ಮೂಲಕ ಬೇರೆ ನಡೆದಿರತ್ತೆ. ಉಳಿದ 30 ಪರ್ಸೆಂಟ್ ಗುಣಾತ್ಮಕ ಮೆಟ್ರಿಕ್‌ಗಳು, ಅದು ನಿಮ್ಮದು. ಕಾಲೇಜಿನವರು ಪದಗಳಲ್ಲಿ ಬರೆದದ್ದು ನೆಲದ ಮೇಲೆ ಇದೆಯಾ ಅಂತ ಕಣ್ಣಿಂದ ನೋಡಿ ಸೊನ್ನೆಯಿಂದ ನಾಲ್ಕರ ತನಕ ಅಂಕ ಕೊಡೋದು. ಹಾಗಾಗಿ ಅಲ್ಲಿಗೆ ಹೋಗಿ ಮತ್ತೆ ಪಬ್ಲಿಕೇಷನ್ ಲಿಸ್ಟ್ ಎಣಿಸ್ತಾ ಕೂರ್ಬೇಡಿ, ಅದು ಮುಗಿದಿರೋ ಕೆಲಸ.

ಟೈಮನ್ನ ಎಲ್ಲಿ ಹೆಚ್ಚು ಹಾಕ್ಬೇಕು ಅನ್ನೋದಕ್ಕೆ ತೂಕದ ಪಟ್ಟಿ ನೋಡಿ. ಏಳು ಮಾನದಂಡಕ್ಕೆ ಒಟ್ಟು 1000 ಅಂಕ. ವಿಶ್ವವಿದ್ಯಾಲಯದ ಅಡಿ ಬರೋ ಸಾಮಾನ್ಯ ಡಿಗ್ರಿ ಕಾಲೇಜಾದ್ರೆ ಬೋಧನೆ ಕಲಿಕೆ ಮೌಲ್ಯಮಾಪನ ಒಂದಕ್ಕೇ 350, ಯೂನಿವರ್ಸಿಟಿ ಆದ್ರೆ ಸಂಶೋಧನೆಗೆ 250. ಡಿಗ್ರಿ ಕಾಲೇಜಿಗೆ ಹೋಗಿ ಪೇಟೆಂಟ್ ಎಷ್ಟಿದೆ ಅಂತ ಅರ್ಧ ದಿನ ಕಳೆಯೋರನ್ನ ನೋಡಿದೀನಿ, ಅದು ಆ ಕಾಲೇಜಿಗೆ ಮಾಡೋ ಅನ್ಯಾಯ, ಅಲ್ಲಿ ಪಾಠ ಹೇಗೆ ನಡೀತಿದೆ ಅನ್ನೋದೇ ಮುಖ್ಯ.

ನಾನು ಓದೋ ಕ್ರಮ ಹೇಳ್ತೀನಿ, ನಿಮಗೆ ಬೇರೆ ಸರಿ ಅನ್ಸಿದ್ರೆ ಹಾಗೆ ಮಾಡಿ. ಮೊದಲು ಏಳನೇ ಮಾನದಂಡದ ಬೆಸ್ಟ್ ಪ್ರಾಕ್ಟೀಸ್ ಓದ್ತೀನಿ, ಯಾಕಂದ್ರೆ ಕಾಲೇಜು ತನ್ನ ಬಗ್ಗೆ ಏನಂತ ಹೆಮ್ಮೆ ಪಡತ್ತೆ ಅನ್ನೋದು ಅಲ್ಲಿ ಗೊತ್ತಾಗತ್ತೆ. ಆಮೇಲೆ ಹಿಂದಿನ ಸೈಕಲ್‌ನ, ಅಂದ್ರೆ ಹಿಂದಿನ ಸಲ ಮಾನ್ಯತೆಗೆ ಹೋದಾಗಿನ, ಪೀರ್ ಟೀಮ್ ರಿಪೋರ್ಟ್ ತೆಗೆದು ಅವತ್ತು ಏನೇನು ಶಿಫಾರಸು ಮಾಡಿದ್ರು ಅಂತ ಒಂದು ಹಾಳೇಲಿ ಬರ್ಕೋತೀನಿ, ಕಾಲೇಜು ವರ್ಷ ವರ್ಷ ನ್ಯಾಕ್‌ಗೆ ಕಳಿಸೋ ಗುಣಮಟ್ಟದ ವರದಿ, ಅಂದ್ರೆ ಎಕ್ಯೂಎಆರ್‌ಗಳಲ್ಲಿ ಅದರಲ್ಲಿ ಎಷ್ಟು ಆಗಿದೆ ಅಂತ ಟಿಕ್ ಹಾಕ್ತಾ ಹೋಗ್ತೀನಿ. ಕಾಲೇಜಿನ ವೆಬ್‌ಸೈಟಲ್ಲಿ ಟೈಮ್ ಟೇಬಲ್ ಇದ್ರೆ ಡೌನ್‌ಲೋಡ್ ಮಾಡ್ಕೋತೀನಿ. ಇಷ್ಟಾದ ಮೇಲೆ ಒಂದೊಂದು ಗುಣಾತ್ಮಕ ಮೆಟ್ರಿಕ್‌ಗೂ ಒಂದೇ ಒಂದು ಪ್ರಶ್ನೆ ಬರ್ಕೊಳ್ಳಿ, ಅದೂ ಹೌದು ಇಲ್ಲ ಅಂತ ಉತ್ತರ ಬರೋ ಪ್ರಶ್ನೆ ಅಲ್ಲ. ಮೆಂಟರಿಂಗ್ ಇದೆಯಾ ಅಂದ್ರೆ ಇದೆ ಅಂತಾರೆ. ನಿಮ್ಮ ಮೆಂಟರ್ ಜೊತೆ ಕೊನೇ ಸಲ ಏನು ಮಾತಾಡಿದ್ರಿ ಅಂತ ಮಕ್ಕಳನ್ನ ಕೇಳಿ.

ಉಡುಗೊರೆ, ಊಟ, ಶಾಲು

ಇದನ್ನ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಮನೆಗೆ ಬಂದೋರನ್ನ ಬರಿಗೈಲಿ ಕಳಿಸೋದು ಅಂದ್ರೆ ಅವಮಾನ, ಅದನ್ನೇ ಹಿಡ್ಕೊಂಡು ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಅಂತ ಶುರುವಾಗಿ ರೂಮಲ್ಲಿ ಒಂದು ಬ್ಯಾಗ್ ಇಟ್ಟು ಹೋಗೋ ತನಕ ಬರತ್ತೆ. 2025ರ ಫೆಬ್ರುವರಿಯಲ್ಲಿ ಒಂದು ಪೀರ್ ಟೀಮಿನ ಅಧ್ಯಕ್ಷರು, ಸದಸ್ಯರನ್ನೇ ಸಿಬಿಐ ಲಂಚದ ಕೇಸಲ್ಲಿ ಅರೆಸ್ಟ್ ಮಾಡಿದ್ದು ನಿಮಗೂ ಗೊತ್ತಿರತ್ತೆ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನೂರಾರು ಜನ ಪ್ರಾಮಾಣಿಕವಾಗಿ ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರ ತನಕ ಕೂತು ಬರೆದ ರಿಪೋರ್ಟ್‌ಗಳ ಮೇಲೂ ಅದು ಮಸಿ ಬಳೀತು.

ಹಾಗಾಗಿ ಮೊದಲೇ ಕಟ್ ಮಾಡಿ. ಪ್ರಯಾಣ, ವಸತಿ, ಗೌರವಧನ ಎಲ್ಲ ನ್ಯಾಕ್ ಕಡೆಯಿಂದ ಆಗತ್ತೆ, ಕಾಲೇಜಿಂದ ಏನೂ ತಗೊಳ್ಳೋ ಅಗತ್ಯ ಇಲ್ಲ. ಹೋಗೋ ಎರಡು ದಿನ ಮುಂಚೆ ಟೀಮಿನ ಮೆಂಬರ್ ಕೋಆರ್ಡಿನೇಟರ್ ಮೂಲಕ ಕಾಲೇಜಿಗೆ ಹೇಳಿಸಿಬಿಡಿ, ಸ್ವಾಗತಕ್ಕೆ ಒಂದು ಹೂವು ಸಾಕು, ಶಾಲು ಪೇಟ ಮೊಮೆಂಟೊ ಯಾವುದೂ ಬೇಡ, ಬ್ಯಾಂಡ್‌ಸೆಟ್ ಬೇಡ, ಎನ್‌ಸಿಸಿ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸೋದು ಬೇಡ, ಮಧ್ಯಾಹ್ನ ಕ್ಯಾಂಟೀನಲ್ಲಿ ಮಕ್ಕಳು ಏನು ತಿಂತಾರೋ ಅದೇ ಸಾಕು ಅಂತ. ಅಲ್ಲಿ ಎದುರೆದುರು ನಿರಾಕರಿಸಿದ್ರೆ ಅವರಿಗೆ ಮುಜುಗರ, ಮೊದಲೇ ಹೇಳಿದ್ರೆ ಅವರಿಗೂ ಖರ್ಚು ಉಳೀತು, ನೆಮ್ಮದಿ ಆಯ್ತು. ಒಂದ್ಸಲ ನಾನು ರೂಮಿಗೆ ವಾಪಸ್ ಬಂದಾಗ ಟೇಬಲ್ ಮೇಲೆ ಒಂದು ರೇಷ್ಮೆ ಸೀರೆ ಬಾಕ್ಸ್ ಇತ್ತು, ಮೇಡಂಗೆ ಅಂತ ಚೀಟಿ ಬೇರೆ. ತೆಗೆದೂ ನೋಡದೆ ಚೇರ್‌ಪರ್ಸನ್ ಅವರನ್ನ ಕರೆದು ತೋರಿಸಿ, ಅವರ ಎದುರಿಗೇ ಪ್ರಿನ್ಸಿಪಾಲ್ರಿಗೆ ಫೋನ್ ಮಾಡಿ ಕಳಿಸಿಕೊಟ್ವಿ. ಒಬ್ಬರೇ ವಾಪಸ್ ಮಾಡೋಕೆ ಹೋಗ್ಬೇಡಿ, ಟೀಮಿನ ಎದುರು ಮಾಡಿ, ಬರೆದಿಡಿ.

ಕ್ಯಾಂಪಸ್ ಸುತ್ತೋವಾಗ

ಪ್ರಿನ್ಸಿಪಾಲ್ ಪ್ರೆಸೆಂಟೇಷನ್ ಇದ್ದೇ ಇರತ್ತೆ, ಅದನ್ನ ಗೌರವದಿಂದ ಕೇಳಿ, ಆದ್ರೆ ಟೈಮ್ ಮೀರೋಕೆ ಬಿಡ್ಬೇಡಿ. ಡಿಗ್ರಿ ಕಾಲೇಜಿಗೆ ಸಾಮಾನ್ಯವಾಗಿ ಸಿಗೋದೇ ಎರಡು ದಿನ, ಅದರಲ್ಲಿ ಅರ್ಧ ಹಾಲ್‌ನಲ್ಲೇ ಹೋಗಿಬಿಡತ್ತೆ.

ಅವರು ಕರ್ಕೊಂಡು ಹೋಗೋ ದಾರಿ ಅವರು ಯೋಚಿಸಿ ಇಟ್ಟಿರೋ ದಾರಿ. ಅದರಲ್ಲೇ ನಡೀರಿ, ಆದ್ರೆ ಮಧ್ಯೆ ಒಂದು ಬಾಗಿಲು ನೀವು ಆರಿಸಿ. ಹೊಸ ಬಣ್ಣದ ವಾಸನೆ, ನಿನ್ನೆ ನೆಟ್ಟ ಕುಂಡ, ಇದನ್ನೆಲ್ಲ ನೋಡಿ ಸಿಟ್ಟಾಗ್ಬೇಡಿ, ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಯಲ್ವಾ, ಹಾಗೇ. ಕೆಮಿಸ್ಟ್ರಿ ಲ್ಯಾಬಿಗೆ ಹೋದ್ರೆ ಸಿಂಕ್ ನೋಡಿ. ದಿನಾ ಬಳಸೋ ಸಿಂಕಲ್ಲಿ ಕಲೆ ಇರತ್ತೆ, ನಲ್ಲಿ ಬುಡ ಒದ್ದೆ ಇರತ್ತೆ. ಒಣಗಿ ಧೂಳು ಕೂತಿದ್ರೆ ಪ್ರಾಕ್ಟಿಕಲ್ ನಡೆದು ಎಷ್ಟು ದಿನ ಆಯ್ತು ಅಂತ ಬ್ರೇಕೇಜ್ ರಿಜಿಸ್ಟರ್ ಕೇಳಿ, ಮಕ್ಕಳು ಕೆಲಸ ಮಾಡೋ ಲ್ಯಾಬಲ್ಲಿ ಗಾಜು ಒಡೆದೇ ಒಡೀತದೆ, ಇಡೀ ವರ್ಷ ಒಂದು ಟೆಸ್ಟ್ ಟ್ಯೂಬೂ ಒಡೆದಿಲ್ಲ ಅಂದ್ರೆ ಅಲ್ಲಿ ಕೈಯೇ ಇಟ್ಟಿಲ್ಲ. ಲೈಬ್ರರಿಯಲ್ಲಿ ಸಾಫ್ಟ್‌ವೇರ್ ಯಾವುದು, ಆನ್‌ಲೈನ್ ಪುಸ್ತಕ, ಜರ್ನಲ್ ಸಿಗೋ ಎನ್-ಲಿಸ್ಟ್ ಇದೆಯಾ ಅನ್ನೋದು ಎಸ್‌ಎಸ್‌ಆರ್‌ನಲ್ಲೇ ಇರತ್ತೆ, ನೀವು ಲೈಬ್ರೇರಿಯನ್ ಪಕ್ಕ ನಿಂತು ಕಳೆದ ವಾರ ಏನೇನು ಪುಸ್ತಕ ಹೊರಗೆ ಹೋಗಿದೆ ಅಂತ ತೆಗೆಸಿ ನೋಡಿ. ಯಾವುದಾದ್ರೂ ಸಬ್ಜೆಕ್ಟಿನ ಟೆಕ್ಸ್ಟ್‌ಬುಕ್ ಬೆನ್ನಿನ ಬೈಂಡಿಂಗ್ ಸಡಿಲ ಆಗಿ, ಮೂಲೆ ಮಡಚಿ, ಕೊನೇ ಪುಟದ ಚೀಟಿ ಮೇಲೆ ತಾರೀಕಿನ ಸೀಲು ಒತ್ತೊತ್ತಾಗಿ ಬಿದ್ದಿದ್ರೆ ಆ ಒಂದು ಪುಸ್ತಕ ಎಷ್ಟೋ ಸ್ಲೈಡ್‌ಗಳಿಗಿಂತ ಹೆಚ್ಚು ಹೇಳತ್ತೆ.

ಮಹಿಳಾ ಸದಸ್ಯರು ಹುಡುಗಿಯರ ಟಾಯ್ಲೆಟ್‌ಗೆ ತಪ್ಪದೇ ಹೋಗಿ. ಚಿಲಕ ಇದೆಯಾ, ನೀರು ಬರ್ತಿದೆಯಾ, ಮುಚ್ಚಳ ಇರೋ ಡಬ್ಬ ಇದೆಯಾ. ಲಿಂಗ ಸಮಾನತೆ ಬಗ್ಗೆ ಎರಡು ಪುಟ ಬರೆದಿರೋ ಕಾಲೇಜಲ್ಲಿ ಚಿಲಕ ಇಲ್ದೆ ಗೆಳತಿ ಬಾಗಿಲು ಹಿಡ್ಕೊಂಡು ನಿಂತಿದ್ದನ್ನ ನಮ್ಮ ಟೀಮಿನ ಮೇಡಂ ಒಬ್ಬರು ನೋಡಿ ಬಂದು ಹೇಳಿದ್ರು, ಅದು ರಿಪೋರ್ಟ್‌ಗೆ ಬಂತು. ರ‍್ಯಾಂಪ್ ಇದ್ರೆ ಅದರ ಕೊನೇ ತನಕ ನಡೀರಿ, ಮೇಲೆ ಹೋಗಿ ಒಂದು ಮೆಟ್ಟಿಲು ಎದುರಾದ್ರೆ ಅದು ರ‍್ಯಾಂಪ್ ಅಲ್ಲ.

ಫೈಲ್ ನೋಡೋವಾಗ ಐದು ವರ್ಷದ ಮೀಟಿಂಗ್ ನಡಾವಳಿ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಪ್ರಿಂಟರ್, ಒಂದೇ ಹಾಳೆ, ಒಂದೇ ಪೆನ್ನಿನ ಸಹಿ ಇದ್ರೆ ಅದು ಹೋದ ತಿಂಗಳು ಕೂತು ಬರೆದದ್ದು. ಅದನ್ನ ಎಲ್ಲರೆದುರು ಎತ್ತಿ ಆಡ್ಬೇಡಿ. ಕಾಲೇಜಿನ ಐಕ್ಯೂಎಸಿ ಕೋಆರ್ಡಿನೇಟರ್‌ನ ಪಕ್ಕಕ್ಕೆ ಕರೆದು, ನಿಜವಾಗಿ ನಡೆದ ಮೀಟಿಂಗ್ ಯಾವುದಾದ್ರೂ ಒಂದು ತೋರಿಸಿ, ಕೈಬರಹ ಇದ್ರೂ ಪರವಾಗಿಲ್ಲ ಅಂತ ಕೇಳಿ. ನಾನೇ ಆ ಕುರ್ಚೀಲಿ ಕೂತಿದ್ದೋನು, ಆ ಕೆಲಸದ ಮೇಲೆ ಎಷ್ಟು ಒತ್ತಡ ಇರತ್ತೆ ಅಂತ ಗೊತ್ತು. ಹಾಗೆ ಕೇಳಿದಾಗ ಒಬ್ಬರು ಮೇಡಂ ಬೀರುವಿನ ಕೆಳಗಿನ ಖಾನೆಯಿಂದ ಒಂದು ಹಳೇ ನೋಟ್‌ಬುಕ್ ತಂದುಕೊಟ್ರು. ಅದರಲ್ಲಿ ಫೇಲಾದ ಮಕ್ಕಳ ಹೆಸರು, ಯಾವ ಯೂನಿಟ್ ಬರಲ್ಲ, ಶನಿವಾರ ಯಾರಿಗೆ ಏನು ಹೇಳಿಕೊಟ್ಟೆ ಅಂತ ಪೆನ್ಸಿಲಲ್ಲಿ ಬರೆದಿದ್ರು. ಅದು ಯಾವ ಅನೆಕ್ಸರಲ್ಲೂ ಇರಲಿಲ್ಲ. ಆ ಕಾಲೇಜಿನ ಅತ್ಯುತ್ತಮ ದಾಖಲೆ ಅದೇ ಆಗಿತ್ತು, ಆ ಮೆಟ್ರಿಕ್‌ಗೆ ನಾವು ನಾಲ್ಕು ಕೊಟ್ವಿ.

ಮಕ್ಕಳ ಜೊತೆ ಮಾತು

ಎರಡು ದಿನದಲ್ಲಿ ಇದೊಂದನ್ನ ಸರಿಯಾಗಿ ಮಾಡಿದ್ರೆ ಉಳಿದದ್ದು ತಾನಾಗೇ ಸರಿಹೋಗತ್ತೆ. ಮೊದಲು ಮೇಷ್ಟ್ರುಗಳನ್ನ ಹೊರಗೆ ಕಳಿಸಿ, ಬಾಗಿಲ ಹತ್ರ ನಿಂತಿರೋರನ್ನೂ. ಮುಂದಿನ ಸಾಲಲ್ಲಿ ಕೂರಿಸಿರೋ ಚೆನ್ನಾಗಿ ಇಂಗ್ಲಿಷ್ ಮಾತಾಡೋ ಮಕ್ಕಳಿಗೆ ಎರಡು ನಿಮಿಷ ಕೊಟ್ಟು ಎದ್ದು ಹಿಂದಿನ ಸಾಲಿಗೆ ಹೋಗಿ, ಅಲ್ಲೇ ಒಂದು ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ. ಭಾಷೆ ಸಮಸ್ಯೆ ಆಗತ್ತೆ, ನಾವು ಕನ್ನಡದೋರು ಮರಾಠಿಯೋ ಒಡಿಯಾನೋ ಮಾತಾಡೋ ಊರಿಗೆ ಹೋಗಿರ್ತೀವಿ. ಕಾಲೇಜಿನವರನ್ನ ಅನುವಾದಕ್ಕೆ ಕರೀಬೇಡಿ, ಮಕ್ಕಳಲ್ಲೇ ಒಬ್ಬರಿಗೆ ಹೇಳಿ, ಮುರುಕು ಹಿಂದಿಯಲ್ಲೇ ಮಾತಾಡಿ, ಏನೂ ತಪ್ಪಿಲ್ಲ.

ಕಾಲೇಜು ಹೇಗಿದೆ ಅಂತ ಕೇಳ್ಬೇಡಿ, ಬಹುತ್ ಅಚ್ಛಾ ಅಂತಾರೆ ಅಷ್ಟೆ. ನಿನ್ನೆ ಎರಡನೇ ಪೀರಿಯಡ್ ಏನ್ ಪಾಠ ಆಯ್ತು, ಇಂಟರ್ನಲ್ಸ್ ಪೇಪರ್ ವಾಪಸ್ ಕೊಟ್ರಾ, ಅದರಲ್ಲಿ ಏನಾದ್ರೂ ಬರೆದಿದ್ರಾ, ಬೆಳಗ್ಗೆ ಮನೆ ಎಷ್ಟು ಗಂಟೆಗೆ ಬಿಡ್ತೀರ, ಇಂಥದ್ದು ಕೇಳಿ. ಮಹಾರಾಷ್ಟ್ರದ ಒಂದು ತಾಲ್ಲೂಕು ಊರಿನ ಕಾಲೇಜಲ್ಲಿ, ಲೈಬ್ರರಿ ಸಂಜೆ ಐದೂವರೆ ತನಕ ತೆರೆದಿರತ್ತೆ ಅಂತ ಎಸ್‌ಎಸ್‌ಆರ್‌ನಲ್ಲಿ ಬರೆದಿದ್ರು, ನಿಜವೂ ಹೌದು. ಹಿಂದಿನ ಸಾಲಿನ ಒಬ್ಬಳು ಹುಡುಗಿ ಹೇಳಿದ್ಲು, ನಮ್ಮೂರಿನ ಕೊನೇ ಬಸ್ಸು ನಾಲ್ಕಕ್ಕೆ ಹೋಗತ್ತೆ ಸರ್, ಬೆಳಗ್ಗೆ ಬಸ್ಸು ಎಂಟೂಕಾಲಿಗೇ ತಂದು ಬಿಡತ್ತೆ, ಹತ್ತರ ತನಕ ಮರದ ಕೆಳಗೆ ಕೂತಿರ್ತೀವಿ ಅಂತ. ಕೈ ಎತ್ತಿಸಿ ನೋಡಿದ್ರೆ ಆ ಹಾಲ್‌ನಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಸ್ಸಿನವರು. ಲೈಬ್ರರಿ ಬೆಳಗ್ಗೆ ಎಂಟೂವರೆಗೆ ತೆಗೀಬೇಕು ಅಂತ ನಮ್ಮ ಶಿಫಾರಸಿನಲ್ಲಿ ಮೊದಲನೇ ಸಾಲು ಅದೇ ಆಯ್ತು. ಒಂದು ರೂಪಾಯಿ ಖರ್ಚಿಲ್ಲದ ಬದಲಾವಣೆ. ಅವರೂ ಅದನ್ನ ಮಾಡಿದ್ರು, ಮುಂದಿನ ವರ್ಷದ ಎಕ್ಯೂಎಆರ್‌ನಲ್ಲಿ ಓದಿದೆ.

ಅತಿಥಿ ಉಪನ್ಯಾಸಕರನ್ನೂ ಆಫೀಸ್ ಸಿಬ್ಬಂದಿಯನ್ನೂ ಬಿಡ್ಬೇಡಿ. ಬಹಳ ಕಾಲೇಜುಗಳಲ್ಲಿ ಅರ್ಧ ಪಾಠ ನಡೆಸ್ತಿರೋದು ಅತಿಥಿ ಉಪನ್ಯಾಸಕರೇ, ಆದ್ರೆ ಟೀಮ್ ಬಂದ ದಿನ ಅವರನ್ನ ಚಹಾ ವ್ಯವಸ್ಥೆಗೆ ಹಾಕಿರ್ತಾರೆ. ಸಂಬಳ ಆಗಿಲ್ಲ, ಮಾಡಿಸಿಕೊಡಿ ಅಂತ ಕೇಳಿದ್ರೆ ಭರವಸೆ ಕೊಡ್ಬೇಡಿ, ಅದು ನಿಮ್ಮ ಕೈಲಿಲ್ಲ, ಆದ್ರೆ ಪೂರ್ತಿ ಕೇಳಿ, ಬರ್ಕೊಳ್ಳಿ.

ಅಂಕ ಮತ್ತು ರಿಪೋರ್ಟ್

ರಾತ್ರಿ ಕೂತು ಅಂಕ ಹಾಕೋವಾಗ ಎತ್ತು ಏರಿಗೆ, ಕೋಣ ನೀರಿಗೆ ಅನ್ನೋ ಹಾಗೆ ಆಗೋದುಂಟು, ಒಬ್ಬರು ನಾಲ್ಕು ಅಂತಾರೆ ಇನ್ನೊಬ್ಬರು ಎರಡು. ಹಿರಿಯರು ಹೇಳಿದ್ರು ಅಂತ ಮೂರಕ್ಕೆ ರಾಜಿ ಆಗ್ಬೇಡಿ. ಏನು ನೋಡಿದ್ರಿ, ಎಲ್ಲಿ ನೋಡಿದ್ರಿ ಅಂತ ಒಂದು ಸಾಲು ಹೇಳಿ, ಅವರನ್ನೂ ಕೇಳಿ. ಚೇರ್‌ಪರ್ಸನ್ ವೈಸ್ ಚಾನ್ಸಲರ್ ಆಗಿದ್ದವರೇ ಇರಬಹುದು, ಮರ್ಯಾದೆ ಕೊಟ್ಟೇ ನಿಮ್ಮ ಮಾತು ಹೇಳಿ, ನಿಮ್ಮನ್ನ ಟೀಮಿಗೆ ಹಾಕಿರೋದು ಅದಕ್ಕೇ. ನಿಮ್ಮ ಯೂನಿವರ್ಸಿಟಿ ಕ್ಯಾಂಪಸ್‌ನ ತಲೇಲಿಟ್ಕೊಂಡು ಹಳ್ಳಿ ಕಾಲೇಜಿಗೆ ಅಂಕ ಹಾಕ್ಬೇಡಿ, ಇರೋದರಲ್ಲಿ ಮಕ್ಕಳಿಗೆ ಏನು ಮಾಡಿದಾರೆ ಅಂತ ನೋಡಿ. ಹಾಗಂತ ಪಾಪ ಅಂತಾನೂ ಅಂಕ ಕೊಡ್ಬೇಡಿ.

ಇನ್ನೊಂದು, ಒಟ್ಟು ಎಷ್ಟಾಗತ್ತೆ ಅಂತ ಲೆಕ್ಕ ಹಾಕ್ತಾ ಕೂರ್ಬೇಡಿ. ಸಿಜಿಪಿಎ, ಅಂದ್ರೆ ನಾಲ್ಕಕ್ಕೆ ಲೆಕ್ಕ ಹಾಕೋ ಒಟ್ಟು ಸರಾಸರಿ, 3.01 ಮುಟ್ಟಿದ್ರೆ ಎ, 3.00ಕ್ಕೆ ನಿಂತ್ರೆ ಬಿ ಡಬಲ್ ಪ್ಲಸ್, ಸ್ವಾಯತ್ತ ಕಾಲೇಜು ಆಗೋಕೆ ಯುಜಿಸಿ ನಿಯಮದಲ್ಲಿ ಎ ಗ್ರೇಡ್ ಕೇಳ್ತಾರೆ, ಹಾಗಾಗಿ ಆ ಒಂದು ಗೆರೆ ಮೇಲೆ ಎಷ್ಟೋ ಜನರ ಕನಸು ನಿಂತಿರತ್ತೆ, ಅದು ನನಗೂ ಅರ್ಥ ಆಗತ್ತೆ. ಆದ್ರೆ ಗ್ರೇಡ್ ಮನಸಲ್ಲಿಟ್ಕೊಂಡು ಹಿಂದಕ್ಕೆ ಅಂಕ ಜೋಡಿಸೋದು ಶುರುವಾದ್ರೆ ಎರಡು ದಿನ ನೋಡಿದ್ದೆಲ್ಲ ವ್ಯರ್ಥ.

ರಿಪೋರ್ಟ್ ಬರೆಯೋದು ಇನ್ನೂ ಮುಖ್ಯ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಗ್ರೇಡ್ ಗೋಡೆ ಮೇಲೆ ಹೋಗತ್ತೆ, ರಿಪೋರ್ಟ್ ಮಾತ್ರ ಕೆಲಸಕ್ಕೆ ಬರತ್ತೆ. ಶಕ್ತಿ, ದೌರ್ಬಲ್ಯ, ಅವಕಾಶ, ಸವಾಲು ಅಂತ ನಾಲ್ಕು ಭಾಗ ಇರತ್ತೆ, ಕೊನೇಲಿ ಶಿಫಾರಸುಗಳು, ಹತ್ತಕ್ಕಿಂತ ಹೆಚ್ಚು ಬೇಡ ಅಂತ ನಮೂನೆಯಲ್ಲೇ ಇದೆ. ಹತ್ತು ತುಂಬಿಸಲೇಬೇಕು ಅಂತೇನಿಲ್ಲ, ಆರು ಗಟ್ಟಿ ಸಾಲು ಸಾಕು. ಸಂಶೋಧನಾ ಚಟುವಟಿಕೆಗಳನ್ನು ಬಲಪಡಿಸಬಹುದು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದ್ರೆ ಪ್ರಿನ್ಸಿಪಾಲ್ ಸೋಮವಾರ ಬೆಳಗ್ಗೆ ಏನು ಮಾಡ್ಬೇಕು ಹೇಳಿ. ಕಾಮರ್ಸ್ ವಿಭಾಗದಲ್ಲಿ ಖಾಲಿ ಇರೋ ಹುದ್ದೆ ತುಂಬಬೇಕು, ಇಂಟರ್ನಲ್ ಪೇಪರ್ ಹದಿನೈದು ದಿನದೊಳಗೆ ಟಿಪ್ಪಣಿ ಸಮೇತ ವಾಪಸ್ ಕೊಡಬೇಕು ಅಂತ ಬರೀರಿ. ಯಾರು ಮಾಡ್ಬೇಕು, ಏನು ಮಾಡ್ಬೇಕು ಎರಡೂ ಗೊತ್ತಾಗ್ಬೇಕು. ಹೊಗಳೋವಾಗಲೂ ಹಾಗೇ, ಆ ಪೆನ್ಸಿಲ್ ನೋಟ್‌ಬುಕ್ ಬಗ್ಗೆ ಒಂದು ಸಾಲು ಬರೆದ್ರೆ ಆ ಮೇಡಂ ಮಾಡಿದ್ದಕ್ಕೆ ಬೆಲೆ ಬಂತು.

ಎಕ್ಸಿಟ್ ಮೀಟಿಂಗಲ್ಲಿ ರಿಪೋರ್ಟನ್ನ ಕಾಲೇಜಿನ ಮುಖ್ಯಸ್ಥರಿಗೆ ತೋರಿಸಿ ಸಹಿ ತಗೋತಾರೆ, ಗ್ರೇಡ್ ಹೇಳೋ ಹಾಗಿಲ್ಲ. ಮುಖ ನೋಡಿ ಊಹಿಸೋಕೆ ಎಲ್ಲರೂ ಕಾಯ್ತಿರ್ತಾರೆ. ಚೆನ್ನಾಗೇ ಬರತ್ತೆ ಬಿಡಿ ಅಂತ ಸಮಾಧಾನಕ್ಕೂ ಹೇಳ್ಬೇಡಿ.

ವಿಡಿಯೋ ಮೇಲೆ ನೋಡೋದಾದ್ರೆ

ಪದ್ಧತಿ ಬದಲಾಗ್ತಾ ಇದೆ. ಗ್ರೇಡ್ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಅನ್ನೋ ಬೈನರಿ ವ್ಯವಸ್ಥೆ ತರ್ತೀವಿ ಅಂತ 2024ರ ಜನವರಿಯಲ್ಲೇ ಪ್ರಕಟಿಸಿದ್ರು, ಟೀಮ್ ಭೇಟಿಗಳೂ ಆನ್‌ಲೈನ್‌ಗೆ ಹೋಗ್ತಿವೆ. ಸ್ಕ್ರೀನ್ ಮುಂದೆ ಕೂತಾಗಲೂ ಬಾಗಿಲು ಆರಿಸೋರು ನೀವೇ ಆಗ್ಬೇಕು. ಕ್ಯಾಮೆರಾ ಹಿಡಿದವರಿಗೆ ಎಡಕ್ಕೆ ತಿರುಗಿಸಿ, ಆ ಬೀರು ತೆಗೀರಿ, ಆ ಪುಸ್ತಕದ ಕೊನೇ ಪುಟ ಹತ್ರ ತನ್ನಿ ಅಂತ ಹೇಳಿ, ರೆಕಾರ್ಡ್ ಮಾಡಿಟ್ಟ ವಿಡಿಯೋ ಹಾಕಿದ್ರೆ ನಿಲ್ಲಿಸಿ ಲೈವ್ ಕೇಳಿ. ಮಕ್ಕಳ ಜೊತೆ ಮಾತಾಡೋವಾಗ ಕ್ಯಾಮೆರಾನ ಒಂದು ಸುತ್ತು ತಿರುಗಿಸೋಕೆ ಹೇಳಿ, ರೂಮಲ್ಲಿ ಇನ್ಯಾರಿದಾರೆ ಅಂತ ಗೊತ್ತಾಗ್ಲಿ. ನೆಟ್ ಕಟ್ ಆದ್ರೆ ಅದನ್ನ ಕಾಲೇಜಿನ ತಪ್ಪು ಅಂತ ತಗೋಬೇಡಿ, ಹತ್ತು ನಿಮಿಷ ಕಾಯಿರಿ.

ಬಂದ ಮೇಲೆ

ರೈಲಲ್ಲಿ ಪಕ್ಕದೋರ ಹತ್ರಾನೂ ಆ ಕಾಲೇಜಿನ ವಿಷಯ ಮಾತಾಡ್ಬೇಡಿ. ಅಲ್ಲಿಯವರು ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಕಳಿಸೋಕೆ ಶುರು ಮಾಡ್ತಾರೆ, ಉತ್ತರ ಕೊಡ್ಬೇಡಿ, ಸೆಮಿನಾರಿಗೆ ಮುಖ್ಯ ಅತಿಥಿಯಾಗಿ ಬನ್ನಿ ಅಂತ ಕರೆದ್ರೆ ಹೋಗ್ಬೇಡಿ. ನಿಮ್ಮ ನೋಟ್ಸ್‌ನ ಒಂದು ಕವರಲ್ಲಿ ಹಾಕಿ ಫಲಿತಾಂಶ ಬರೋ ತನಕ ಬೀಗದೊಳಗೆ ಇಡಿ, ಏನಾದ್ರೂ ಪ್ರಶ್ನೆ ಬಂದ್ರೆ ಬೇಕಾಗತ್ತೆ. ಲ್ಯಾಪ್‌ಟಾಪಲ್ಲಿರೋ ಅವರ ಫೈಲ್‌ಗಳನ್ನ, ಅದರಲ್ಲಿ ಮಕ್ಕಳ ಹೆಸರು ಫೋನ್ ನಂಬರ್ ಎಲ್ಲ ಇರತ್ತೆ, ಕೆಲಸ ಮುಗಿದ ಮೇಲೆ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನೂ ಖಾಲಿ ಮಾಡಿ. ಪೀರ್ ಟೀಮ್ ರಿಪೋರ್ಟ್ ವೆಬ್‌ಸೈಟಿಗೆ ಬಂದ ಮೇಲೆ ಒಂದು ಕಾಪಿ ಮಾತ್ರ ಇಟ್ಕೊಳ್ಳಿ, ಮುಂದಿನ ಕಾಲೇಜಿಗೆ ಹೊರಡೋ ಮುಂಚೆ ನೀವೇ ಬರೆದ ಶಿಫಾರಸುಗಳನ್ನ ಇನ್ನೊಂದ್ಸಲ ಓದೋಕೆ ಬೇಕಾಗತ್ತೆ.